ಮೂವತ್ತನಾಲ್ಕನೇ ಸಾಲಿನ ಎರಡು ಸೀಟು

"ಇನ್ನೊಂದ್ ಸಲ ಹೇಳು. ಫೋನಲ್ಲಿ ಕ್ಲಬ್ಬಿನವ್ರು ಏನ್ ಕೇಳಿದ್ರು, ನೀನ್ ಏನ್ ಹೇಳ್ದೆ?"

ರೇ ಮಾವ ಇದನ್ನು ಕೇಳುತ್ತಿರುವುದು ನಾಲ್ಕನೇ ಸಲ. ಜೋಸಿ ಲೆಕ್ಕ ಇಟ್ಟಿದ್ದಳು. ಅಡುಗೆಮನೆಯ ಮೇಜಿನ ಮೇಲೆ ಅಮೆರಿಕನ್ ಫುಟ್‌ಬಾಲ್ ಕ್ಲಬ್ಬಿನಿಂದ ಬಂದ ಪತ್ರ ಬಿದ್ದಿತ್ತು. ಅದರ ಒಂದು ಮೂಲೆಗೆ ಬೆಣ್ಣೆ ಮೆತ್ತಿಕೊಂಡಿತ್ತು.

"ನಾರ್ಬರ್ಟ್ ಜಡಾನ್ ಇದಾರಾ ಅಂತ ಕೇಳಿದ್ರು. ಇಲ್ಲ ಅಂದೆ. ಯಾವಾಗ ಸಿಗ್ತಾರೆ ಅಂದ್ರು."

"ಆಮೇಲೆ?"

"ಸಿಗಲ್ಲ, ಮಾರ್ಚಲ್ಲಿ ತೀರ್ಕೊಂಡ್ರು ಅಂದೆ."

ಮಾವ ಕಣ್ಣು ಮುಚ್ಚಿ ಹಣೆ ಉಜ್ಜಿಕೊಂಡ. "ಸ್ನಾನ ಮಾಡ್ತಿದಾರೆ ಅನ್ನೋದಲ್ವಾ? ಈ ಊರಲ್ಲಿ ಮೂರು ವರ್ಷದ ಮಗೂಗೂ ಅದು ಗೊತ್ತು."

"ನಂಗೆ ಯಾರೂ ಹೇಳಿರ್ಲಿಲ್ಲ."

"ರೇ, ಸಾಕು ಬಿಡು," ಎಂದಳು ಅಮ್ಮ. ಅವಳು ಆಗಷ್ಟೇ ಕಾಗದದ ಮಿಲ್ಲಿನಲ್ಲಿ ಪಾಳಿ ಮುಗಿಸಿ ಬಂದಿದ್ದಳು. ಕೋಟನ್ನೂ ತೆಗೆಯದೆ ಸಿಂಕಿಗೆ ಒರಗಿ ನಿಂತಿದ್ದಳು. "ಅಪ್ಪನೇ ಆ ಫಾರಂ ತುಂಬಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ."

ಫಾರಂ ತಾತ ನಾರ್ಬರ್ಟ್ ಅವರ ಡ್ರಾಯರಿನಲ್ಲೇ ಇತ್ತು. ಕ್ರೀಡಾಂಗಣದ ಮೂವತ್ತನಾಲ್ಕನೇ ಸಾಲಿನ ಹನ್ನೊಂದು ಮತ್ತು ಹನ್ನೆರಡನೇ ನಂಬರಿನ ಸೀಟುಗಳು ನಲವತ್ತೊಂದು ವರ್ಷದಿಂದ ತಾತನ ಹೆಸರಿನಲ್ಲಿದ್ದವು. ಸೀಟು ಯಾರ ಹೆಸರಿನಲ್ಲಿದೆಯೋ ಅವರು ಬದುಕಿರುವಾಗಲೇ ಸಹಿ ಹಾಕಿ ಮಕ್ಕಳಿಗೆ ಬರೆದುಕೊಟ್ಟು, ಫಾರಂ ಕ್ಲಬ್ಬಿಗೆ ತಲುಪಿಸಬೇಕು. ಇಲ್ಲದಿದ್ದರೆ ಅದು ಕ್ಲಬ್ಬಿಗೆ ವಾಪಸ್. ಫಾರಮ್ಮಿನಲ್ಲಿ ಒಂದೇ ಹೆಸರಿಗೆ ಜಾಗವಿತ್ತು. ತಾತನಿಗೆ ಇಬ್ಬರು ಮಕ್ಕಳು. ಅವರು ಸಹಿ ಮಾತ್ರ ಹಾಕಿ, ಆ ಜಾಗವನ್ನು ಖಾಲಿ ಬಿಟ್ಟು, ದಿನಾಂಕವನ್ನೂ ಬರೆಯದೆ ಇಟ್ಟಿದ್ದರು.

ಪತ್ರದಲ್ಲಿ ಕ್ಲಬ್ಬಿನವರು ಮರ್ಯಾದೆಯಿಂದಲೇ ಬರೆದಿದ್ದರು. ಈ ವರ್ಷದ ದುಡ್ಡು ಕಟ್ಟಿರುವುದರಿಂದ ಡಿಸೆಂಬರಿನ ಕೊನೆಯ ಮ್ಯಾಚಿನವರೆಗೆ ಕುಟುಂಬದವರು ಬರಬಹುದು. ಆಮೇಲೆ ಎರಡೂ ಸೀಟು ಪಟ್ಟಿಯಲ್ಲಿ ಕಾಯುತ್ತಿರುವವರಿಗೆ ಹೋಗುತ್ತವೆ.

ಆ ಪಟ್ಟಿಯಲ್ಲಿ ಅರವತ್ತು ಸಾವಿರ ಜನ ಇದ್ದಾರೆ ಎಂದು ಮಾವ ಹೇಳಿದ. ವರ್ಷಕ್ಕೆ ಸುಮಾರು ಒಂದೂವರೆ ಸಾವಿರ ಜನರಿಗೆ ಸೀಟು ಸಿಗುತ್ತದಂತೆ. ಜೋಸಿ ಹೋಮ್‌ವರ್ಕ್ ಪುಸ್ತಕದ ಹಿಂದೆ ಭಾಗಾಕಾರ ಮಾಡಿದಳು. ನಲವತ್ತು ವರ್ಷ. ಈಗ ಹೆಸರು ಬರೆಸಿದರೆ ಅವಳಿಗೆ ಐವತ್ತು ತುಂಬಿದಾಗ ಸರದಿ ಬರುತ್ತದೆ. ತಪ್ಪಾಗಿದೆಯೇನೋ ಎಂದು ಮತ್ತೆ ಮಾಡಿದಳು. ಉತ್ತರ ಅದೇ ಬಂತು.

ಮಾವ ಎರಡು ಪತ್ರ ಬರೆದ. ಒಂದು ದಿನ ರಜೆ ಹಾಕಿ ಕ್ಲಬ್ಬಿನ ಆಫೀಸಿಗೂ ಹೋಗಿ ಬಂದ. ಬಂದವನು ಶೂ ಬಿಚ್ಚಲೂ ಮನಸ್ಸಿಲ್ಲದೆ ಸೋಫಾದಲ್ಲಿ ಕುಸಿದ. "ಎಲ್ಲಾರೂ ತುಂಬಾ ಒಳ್ಳೆಯವ್ರು ಕಣಕ್ಕಾ. ಒಬ್ರೂ ಜಗಳಾನೇ ಆಡಲ್ಲ," ಎಂದ.

ಆಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ತಾತನ ಮಾತನ್ನೂ ಎತ್ತಲಿಲ್ಲ. ಅವರ ಬೂಟುಗಳು ಬಾಗಿಲ ಹತ್ತಿರ ಹಾಗೇ ಇದ್ದವು. ಯಾರಾದರೂ ಫೋನಿನಲ್ಲಿ ತಾತನನ್ನು ಕೇಳಿದರೆ ಅಮ್ಮ, "ಅವ್ರು ಈಗ ಇಲ್ಲ," ಎಂದು ಬೇಗ ಇಟ್ಟುಬಿಡುತ್ತಿದ್ದಳು. ಫೋನ್ ರಿಂಗಾದರೆ ಜೋಸಿ ಈಗ ಮುಟ್ಟುತ್ತಲೇ ಇರಲಿಲ್ಲ.

ಡಿಸೆಂಬರ್ ಬಂತು. ಕೊನೆಯ ಮ್ಯಾಚಿಗೆ ಹೋಗುವುದಿಲ್ಲ ಎಂದ ಮಾವ. "ನೀವಿಬ್ರೂ ಹೋಗಿ. ನನ್ ಕೈಲಾಗಲ್ಲ. ನಾನು ಸೂಪ್ ಮಾಡಿಟ್ಟಿರ್ತೀನಿ."

ಅಮ್ಮ ತಾತನ ಹಳೆಯ ಕಾರ್ಪೆಟ್ ತುಂಡನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಅದನ್ನು ಕಾಲ ಕೆಳಗೆ ಹಾಸಿಕೊಳ್ಳದೆ ತಾತ ಚಳಿಗಾಲದ ಒಂದು ಮ್ಯಾಚನ್ನೂ ನೋಡಿದವರಲ್ಲ. "ಚಳಿ ಗಾಳಿಯಿಂದ ಬರುತ್ತೆ ಅಂದ್ಕೊಂಡಿದಾರೆ ಎಲ್ರೂ. ಅದು ಬರೋದು ಕೆಳಗಿಂದ. ಕಾಂಕ್ರೀಟು ನಿನ್ ಕಾಲಿನ ಬಿಸಿ ಎಲ್ಲಾ ಕುಡಿದುಬಿಡುತ್ತೆ," ಎನ್ನುತ್ತಿದ್ದರು.

ಕ್ರೀಡಾಂಗಣದಲ್ಲಿ ಹನ್ನೊಂದನೇ ನಂಬರಿನ ಸೀಟಿನ ಮುಂದೆ ಅಮ್ಮ ಕಾರ್ಪೆಟ್ ಬಿಚ್ಚಿದಳು. ಅದರಲ್ಲಿ ಪಾದದ ಆಕಾರದಲ್ಲಿ ಎರಡು ಕಡೆ ನೂಲು ಸವೆದು ತೆಳ್ಳಗಾಗಿತ್ತು. ಜೋಸಿ ತನ್ನ ಬೂಟುಗಳನ್ನು ಅಲ್ಲೇ ಇಟ್ಟಳು. ಸುತ್ತ ಇನ್ನೂ ಬೇಕಾದಷ್ಟು ಜಾಗ ಉಳಿಯಿತು.

"ಫೋನಲ್ಲಿ ನಿಜ ಹೇಳಿದ ಹುಡುಗಿ ನೀನೇನಾ?"

ಹಿಂದಿನ ಸಾಲಿನಿಂದ ಅರ್ಲೀನ್ ಅಜ್ಜಿ ಬಗ್ಗಿದ್ದರು. ಅವರು ತಾತನ ಬೆನ್ನ ಹಿಂದೆಯೇ ಅಷ್ಟೂ ವರ್ಷ ಕೂತವರು. ಜೋಸಿಯ ಮುಖ ಅಷ್ಟು ಚಳಿಯಲ್ಲೂ ಬಿಸಿಯಾಯಿತು.

"ಯಾಕೆ ಹಂಗ್ ಕುಗ್ಗೋಗ್ತೀಯ ಮರಿ? ಈ ಸುತ್ತಮುತ್ತ ಟಿಕೆಟ್ ಲೆಕ್ಕದಲ್ಲಿ ಅರ್ಧ ಜನ ಸ್ಮಶಾನದಿಂದಾನೇ ಮ್ಯಾಚಿಗೆ ಬರೋದು. ನನ್ ಗಂಡ ಎಲ್ಮರ್ ಹೋಗಿ ಹತ್ತೊಂಬತ್ತು ವರ್ಷ ಆಯ್ತು. ಒಂದು ಮ್ಯಾಚೂ ತಪ್ಪಿಸಿಲ್ಲ."

"ಅವ್ರು ಫೋನ್ ಮಾಡಿ ಕೇಳಿದ್ರೆ?"

"ಸ್ನಾನ ಮಾಡ್ತಿದಾನೆ ಅಂತೀನಿ."

"ಹತ್ತೊಂಬತ್ತು ವರ್ಷದಿಂದಾನಾ?"

"ಇಷ್ಟೊತ್ತಿಗೆ ಕ್ಲೀನಾಗಿರ್ಬೇಕಪ್ಪ," ಎಂದಳು ಅಮ್ಮ ಹಿಂದೆ ತಿರುಗದೆ. ಅಜ್ಜಿ ನಕ್ಕು ನಕ್ಕು ಕೆಮ್ಮಿದರು. ಫ್ಲಾಸ್ಕಿನ ಮುಚ್ಚಳಕ್ಕೆ ಬಿಸಿ ಕೋಕೋ ಬಗ್ಗಿಸಿ ಜೋಸಿಗೆ ಕೊಟ್ಟರು.

ಆಟದ ನಾಲ್ಕು ಅವಧಿಗಳಲ್ಲಿ ಎರಡನೆಯದು ಮುಗಿಯುವಾಗ ಹಿಮ ಶುರುವಾಯಿತು. ಮೈದಾನದ ಗೆರೆಗಳು ಒಂದೊಂದಾಗಿ ಮುಚ್ಚಿಕೊಂಡವು. ಜೋಸಿ ಖಾಲಿ ಮುಚ್ಚಳ ವಾಪಸ್ ಕೊಡುತ್ತ, "ಅಜ್ಜಿ, ಹಂಗ್ ಹೇಳುವಾಗ ನಿಮಗೆ ಏನ್ ಅನ್ಸುತ್ತೆ?" ಎಂದು ಕೇಳಿದಳು.

ಅರ್ಲೀನ್ ಅಜ್ಜಿ ಮುಚ್ಚಳದೊಳಗೆ ಬಿದ್ದ ಹಿಮವನ್ನು ಕೊಡವಿದರು. "ಮೊದಲ ವರ್ಷ ಹಂಗ್ ಹೇಳೋದು ಇಷ್ಟ ಆಗ್ತಿತ್ತು. ಫೋನ್ ಇಟ್ಟು ಬಚ್ಚಲುಮನೆ ಕಡೆ ಒಂದ್ಸಲ ನೋಡ್ತಿದ್ದೆ. ನೀರಿನ ಶಬ್ದ ಬರುತ್ತೇನೋ ಅಂತ."

"ಈಗ?"

"ಈಗ ಸುಸ್ತಾಗುತ್ತೆ, ಅಷ್ಟೇ."

ಅಮ್ಮ ಮೈದಾನವನ್ನೇ ನೋಡುತ್ತಿದ್ದಳು. ಆದರೆ ಆಗ ಮಧ್ಯಂತರಕ್ಕೆ ಆಟ ನಿಂತಿತ್ತು. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಅವರ ತಂಡ ಮೂರು ಪಾಯಿಂಟಿನಿಂದ ಸೋತಿತು. ಜನ ಇಳಿದುಹೋದ ಮೇಲೂ ಇಬ್ಬರೂ ಸ್ವಲ್ಪ ಹೊತ್ತು ಕೂತಿದ್ದರು. ಆಮೇಲೆ ಅಮ್ಮ ಕಾರ್ಪೆಟ್ ಕೊಡವಿ ಸುತ್ತಿದಳು.

"ಬಿಟ್ ಹೋಗು, ಹೊಸಬರಿಗೆ ಆಗುತ್ತೆ," ಎಂದರು ಅಜ್ಜಿ.

"ಅವ್ರ ಕಾಲಿಗೆ ಅವ್ರು ತಂದ್ಕೊಳ್ಲಿ," ಎಂದು ಅಮ್ಮ ಅವರನ್ನು ಒಮ್ಮೆ ಬಿಗಿಯಾಗಿ ಅಪ್ಪಿಕೊಂಡಳು.

ಮನೆಯಲ್ಲಿ ಸೂಪಿನ ಪರಿಮಳ ಹರಡಿತ್ತು. ಅಮ್ಮ ಬೂಟು ಕಳಚುವಷ್ಟರಲ್ಲಿ ಗೋಡೆಯ ಫೋನ್ ರಿಂಗಾಯಿತು. ಜೋಸಿ ಹಿಂದೆ ಸರಿದಳು. ಮಾವನ ಕೈಯಲ್ಲಿ ಸೌಟು ಇತ್ತು. ಅಮ್ಮನೇ ಹೋಗಿ ಎತ್ತಿದಳು.

ಆ ಕಡೆಯ ದನಿ ಎಷ್ಟು ಜೋರಾಗಿತ್ತೆಂದರೆ ಮೂವರಿಗೂ ಕೇಳಿಸಿತು. ಪ್ರತಿ ಚಳಿಗಾಲ ಉತ್ತರದ ಕಾಡಿನಿಂದ ಕಟ್ಟಿಗೆ ತರುವವನ ದನಿ ಅದು. "ನಾರ್ಬರ್ಟ್ ಎಲ್ಲಮ್ಮಾ? ಕರಿ ಅವ್ನ. ಈ ಸಲ ಎಷ್ಟು ಲೋಡ್ ಬೇಕಂತೆ?"

ಅಮ್ಮ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು. ಮಾವ ಒಲೆ ಆರಿಸಿದ.

"ಅಪ್ಪ ತೀರ್ಕೊಂಡ್ರು," ಎಂದಳು ಅಮ್ಮ. "ಮಾರ್ಚಲ್ಲಿ."

ಆ ಕಡೆಯ ಮಾತು ಈಗ ತುಂಬ ಮೆಲ್ಲಗೆ ಬಂತು. ಏನೆಂದು ಜೋಸಿಗೆ ಕೇಳಿಸಲಿಲ್ಲ.

"ಹೌದು. ನಿದ್ದೇಲೇ ಹೋದ್ರು," ಎಂದಳು ಅಮ್ಮ. "ಬೇಕು, ಕಟ್ಟಿಗೆ ಬೇಕು. ಯಾವಾಗ್ಲೂ ತರೋವಷ್ಟೇ ತನ್ನಿ. ನನ್ ಹೆಸರಲ್ಲಿ ಬರ್ಕೊಳ್ಳಿ."

ಫೋನ್ ಇಟ್ಟ ಮೇಲೂ ಅವಳ ಕೈ ಅದರ ಮೇಲೇ ಇತ್ತು. ಆಗಸ್ಟಿನಲ್ಲಿ ಕ್ಲಬ್ಬಿನ ಫೋನ್ ಬಂದಾಗ ಜೋಸಿಯೂ ಅದೇ ಜಾಗದಲ್ಲಿ ನಿಂತು ಅದೇ ಮಾತು ಹೇಳಿದ್ದಳು. ಅವತ್ತು ಅಡುಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಅಮ್ಮ ಬರಿಯ ಕಾಲುಚೀಲದಲ್ಲಿ ತಣ್ಣನೆಯ ನೆಲದ ಮೇಲೆ ನಿಂತಿದ್ದಳು. ಜೋಸಿ ಬಾಗಿಲ ಬಳಿಯಿಂದ ಕಾರ್ಪೆಟ್ ತಂದು ಅವಳ ಕಾಲ ಹತ್ತಿರ ಬಿಚ್ಚಿದಳು. ಅಮ್ಮ ಕೆಳಗೆ ನೋಡಿದಳು. ಮೊದಲು ಒಂದು ಕಾಲು ಇಟ್ಟಳು, ಆಮೇಲೆ ಇನ್ನೊಂದು.