ಕಿತ್ತಷ್ಟೂ ಏಳುವ ನಾಯಿಕೊಡೆ

“ನಿನ್ನೆ ಎಲ್ಲಾ ಕಿತ್ತಿದ್ದೆ ಅಪ್ಪಾ. ಒಂದೂ ಬಿಟ್ಟಿರಲಿಲ್ಲ.”

“ಹಾಗಾದ್ರೆ ಇವೇನು, ನೆಂಟರಾ? ರಾತ್ರಿ ಬಸ್ಸಿಗೆ ಬಂದು ಇಳಿದ್ವಾ?”

ಅಪ್ಪ ಚಪ್ಪಲಿಯ ತುದಿಯಿಂದ ಒಂದನ್ನು ತಟ್ಟಿದ. ಲಾನ್ ತುಂಬ ನಾಯಿಕೊಡೆಗಳು ಎದ್ದಿದ್ದವು, ಕಂದು ಟೋಪಿ ಹಾಕಿಕೊಂಡು, ತಮಗೇನೂ ಗೊತ್ತಿಲ್ಲ ಎನ್ನುವಂತೆ.

ಮೆಣಸಿಗೆ ಅಳು ಬಂತು. ಅದಕ್ಕಿಂತ ಮೊದಲು ಸಿಟ್ಟು ಬಂತು. ಮೂಗಿನ ತುದಿಯಲ್ಲೇ ಕೋಪ ಎಂದೇ ಮನೆಯಲ್ಲಿ ಅವಳಿಗೆ ಆ ಹೆಸರು.

ಮಧ್ಯಾಹ್ನ ಅತ್ತೆ ಬರುವವರಿದ್ದರು, ಅಂಬೆಗಾಲಿಡುವ ಪಾಪುವನ್ನು ಎತ್ತಿಕೊಂಡು. ಕಲ್ಲು, ಕಡ್ಡಿ, ಚಪ್ಪಲಿ, ಸಿಕ್ಕಿದ್ದೆಲ್ಲ ಪಾಪುವಿನ ಬಾಯಿಗೆ. ಲಾನ್ ಕ್ಲೀನಾಗಿದ್ದರೆ ಪಾಪುವನ್ನು ಅಲ್ಲಿ ಆಡಿಸುವುದು ಮೆಣಸು, ಅವಳೊಬ್ಬಳೇ ಎಂದು ಮಾತಾಗಿತ್ತು. ಅದಕ್ಕೇ ನಿನ್ನೆ ಸ್ಕೂಲಿಂದ ಬಂದವಳು ಯೂನಿಫಾರ್ಮನ್ನೂ ಬದಲಿಸದೆ, ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು, ಬಕೆಟ್ ತುಂಬ ಕಿತ್ತಿದ್ದಳು.

“ಇಷ್ಟು ಸಣ್ಣ ಕೆಲಸ ನೆಟ್ಟಗೆ ಮಾಡದವಳ ಕೈಗೆ ಮಗು ಹೇಗೆ ಕೊಡೋದು?” ಎಂದು ಅಪ್ಪ ಒಳಗೆ ಹೋದ.

ಮೇಲೆ ಕಿತ್ತರೆ ಸಾಲದು, ಬುಡವನ್ನೇ ಕೀಳಬೇಕು ಎಂದುಕೊಂಡಳು ಮೆಣಸು. ಹೂಕುಂಡದ ಪುಟ್ಟ ಸಲಿಕೆ ತಂದು, ಅವು ಒತ್ತೊತ್ತಾಗಿ ಎದ್ದಿದ್ದ ಕಡೆ ಅಗೆದಳು. ಗೇಣುದ್ದ ಇಳಿಯುವುದರೊಳಗೆ ಸಲಿಕೆಗೆ ಏನೋ ತಾಗಿತು. ಮಣ್ಣು ಸರಿಸಿದರೆ ಮರದ ಬೊಡ್ಡೆ! ಟೀಯಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಕೈಯಲ್ಲೇ ಮುರಿಯಿತು. ಒಳಗೆಲ್ಲ ಬಿಳಿ ಬಿಳಿ ನೂಲು.

ಒಂದು ತುಂಡು ಒಯ್ದು, ಮೆಟ್ಟಿಲ ಮೇಲೆ ಬಟಾಣಿ ಸುಲಿಯುತ್ತಿದ್ದ ಅಜ್ಜಿಗೆ ತೋರಿಸಿದಳು. ಕಾರಿನ ಮೇಲೆ ಎಲೆ ಉದುರುತ್ತದೆ ಎಂದು ಹೋದ ವರ್ಷ ಕಡಿಸಿದ ಮರದ್ದು ಅದು, ಎಂದರು ಅಜ್ಜಿ.

“ಬುಡ ಕೀಳೋಕೆ ಇನ್ನೊಂದು ದಿನ ಬೇಕು ಅಂದ್ರು ಮರ ಕಡಿಯೋರು. ನಿಮ್ಮಪ್ಪನೇ, ಮೇಲೆ ಮಣ್ಣು ಹಾಕಿ ಹುಲ್ಲು ಹಾಸಿಬಿಡಿ, ಯಾರಿಗೆ ಕಾಣುತ್ತೆ ಅಂದ. ಅದು ಪೂರ್ತಿ ಕೊಳೆಯೋವರೆಗೂ ಇವು ಏಳ್ತಾನೇ ಇರ್ತವೆ.”

ಮೆಣಸು ದಡದಡನೆ ಒಳಗೆ ಹೋದಳು. ಹೇಳಬೇಕಾದ ಮಾತುಗಳು ಬಾಯಿ ತುಂಬ ಇದ್ದವು. ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದ ಅಪ್ಪನ ಮುಂದೆ ತುಂಡನ್ನು ಹಿಡಿದಳು.

ಅಪ್ಪ ಅದನ್ನು ನೋಡಿದ. ಕಿಟಕಿಯಾಚೆ ಗುಂಡಿಯನ್ನೂ ನೋಡಿದ. ಅವನ ಕಿವಿ ಕೆಂಪಾಯಿತು. ಅದನ್ನು ಕಂಡು ಮೆಣಸಿನ ಬಾಯಲ್ಲಿದ್ದ ಮಾತು ಅಲ್ಲೇ ಉಳಿಯಿತು.

ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿ ಅಪ್ಪ ಹೊರಗೆ ಬಂದ. ಗುಂಡಿ ಮುಚ್ಚಿ, ಹುಲ್ಲಿನ ಮೇಲೆ ಮಂಡಿಯೂರಿ ಕೀಳತೊಡಗಿದ. ಮೆಣಸು ಇನ್ನೊಂದು ತುದಿಯಿಂದ ಕೀಳುತ್ತಾ ಬಂದಳು.

“ನಾಳೆ ಮತ್ತೆ ಏಳ್ತವೆ,” ಎಂದಳು.

“ಏಳಲಿ. ನಾಳೆ ನಾನೇ ಕೀಳ್ತೀನಿ.”

ಮಧ್ಯಾಹ್ನ ಅತ್ತೆಯ ಕಂಕುಳಿಂದ ಪಾಪುವನ್ನು ತೆಗೆದುಕೊಂಡು, ಅಪ್ಪನೇ ತಂದು ಮೆಣಸಿನ ಮುಂದೆ ಹುಲ್ಲಿನ ಮೇಲೆ ಬಿಟ್ಟ. ಸಾರಿ ಅನ್ನುತ್ತಾನೇನೋ ಎಂದು ಅವಳು ಕಾದಳು. ಅಪ್ಪ ಮೆಟ್ಟಿಲ ಬಳಿ ಹೋಗಿ ನಿಂತ.

ಪಾಪು ಸರಸರ ಹರಿದು ಹೋಗಿ, ಇಬ್ಬರ ಕಣ್ಣಿಗೂ ಬೀಳದೆ ಉಳಿದಿದ್ದ ಒಂದು ಎಳೆ ನಾಯಿಕೊಡೆಯನ್ನು ಮುಷ್ಟಿಯಲ್ಲಿ ಹಿಡಿಯಿತು. ಅಪ್ಪ ಒಂದು ಹೆಜ್ಜೆ ಮುಂದಿಟ್ಟ. ಮೆಣಸು ಕೈ ಚಾಚಿದ್ದನ್ನು ಕಂಡು ಅಲ್ಲೇ ನಿಂತುಬಿಟ್ಟ.

ಮೆಣಸು ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನಾಯಿಕೊಡೆ ತೆಗೆದುಕೊಂಡು, ತನ್ನ ಫ್ರಾಕಿನ ಅಂಚಿನಿಂದ ಪಾಪುವಿನ ಕೈ ಒರೆಸಿದಳು. ತಲೆ ಎತ್ತಿದಾಗ ಅಪ್ಪ ಇನ್ನೂ ಅದೇ ಜಾಗದಲ್ಲಿದ್ದ, ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ.

ಅವಳು ಸಾರಿಗಾಗಿ ಕಾಯುವುದನ್ನು ಬಿಟ್ಟಳು.