ಗುಟ್ಟು ಮಾರಲು ಬಂದ ದನಿ

ಚನ್ನಬಸವಯ್ಯನವರು ನಮ್ಮ ಮೆಟ್ಟಿಲು ಹತ್ತಿ ಬಂದಾಗ ನಾನು ತನ್ಮಯಿಯ ಜೊತೆ ಜಗಳವಾಡುತ್ತಿದ್ದೆ. ಲಷ್ಕರ್ ಮೊಹಲ್ಲಾದ ಈ ಮಹಡಿಯ ಆಫೀಸಿಗೆ ದೊಡ್ಡದೊಂದು ಬೋರ್ಡು ಹಾಕಿಸಬೇಕೆಂದು ನಾನು, ಕಷ್ಟದಲ್ಲಿರುವವರು ಹೇಗೂ ಹುಡುಕಿಕೊಂಡು ಬರುತ್ತಾರೆಂದು ಅವಳು. ಸಂಜೆ ಪತ್ರಿಕೆಯೊಂದಕ್ಕೆ ಅಪರಾಧ ಸುದ್ದಿ ಬರೆಯುತ್ತಿದ್ದ ನಾನು, ಪತ್ರಿಕೆ ಮುಚ್ಚಿದ ಮೇಲೆ ಅವಳ ಪತ್ತೇದಾರಿಕೆಗೆ ಜೊತೆಯಾದವನು. ಅವಳು ಹಿಂದೆ ವಕೀಲೆ. ವಾದದಲ್ಲಿ ಅವಳನ್ನು ಗೆದ್ದ ನೆನಪು ನನಗಿಲ್ಲ.

ಚನ್ನಬಸವಯ್ಯನವರಿಗೆ ಮಂಡಕಳ್ಳಿಯ ಹತ್ತಿರ ಊದುಬತ್ತಿ ಕಾರ್ಖಾನೆಯಿತ್ತು. ಕುರ್ಚಿಯಲ್ಲಿ ಕೂತವರು ಕಾಫಿಯನ್ನೂ ಬೇಡವೆಂದು ಫೋನನ್ನು ಮೇಜಿನ ಮೇಲಿಟ್ಟರು.

"ನನಗೆ ಬರೋ ಕರೆಯೆಲ್ಲ ಇದರಲ್ಲಿ ರೆಕಾರ್ಡ್ ಆಗುತ್ತೆ. ಗೊತ್ತಿಲ್ಲದ ನಂಬರಿಂದ ಬಂದದ್ದು, ಇದನ್ನ ಒಂದ್ಸಲ ಕೇಳಿ."

ಬಾಯಿಗೆ ಬಟ್ಟೆ ಅಡ್ಡ ಹಿಡಿದು ಮಾತಾಡಿದ ಗಂಡಸಿನ ದನಿ. "ಸಾಮಿ, ನಿಮ್ ಕಾರ್ಖಾನೆ ಕೊಳ್ಳಾಕೆ ಬಂದವ್ರಲ್ಲ, ಅವ್ರ ಗುಟ್ಟು ನನ್ ಕೈಲದೆ. ಬುಸಿಬುಸಿ ಸುದ್ದಿ. ಎಷ್ಟ್ ದುಡ್ಡಿನವರ್ಗೂ ಬಗ್ತಾರೆ ಅಂತ ಏಳ್ಬುಡ್ತೀನಿ. ನಂಗೂ ಏನಾರ ನೋಡ್ಕಳಿ. ಅಂಗೇ, ಒಳಗಿನ್ ಮಾತು ಒಳಗೇ ಇರ್ಲಿ."

ಚನ್ನಬಸವಯ್ಯನವರು ವಿಷಯ ಬಿಡಿಸಿ ಹೇಳಿದರು. ಅವರ ಕಾರ್ಖಾನೆಯನ್ನು ಕೊಳ್ಳಲು ದೊಡ್ಡ ಕಂಪನಿಯೊಂದು ಮುಂದೆ ಬಂದಿತ್ತು. ಆ ಕಂಪನಿಗೆ ಸಲಹೆ ಕೊಡುತ್ತಿದ್ದದ್ದು ಮೈಸೂರಿನದೇ 'ಸಹಮತ' ಕಾರ್ಪೊರೇಟ್ ಸಲಹಾ ಸಂಸ್ಥೆ. ಗಿರಾಕಿಯ ಗುಟ್ಟನ್ನು ಹೀಗೆ ಎದುರು ಪಕ್ಷಕ್ಕೆ ಮಾರುವುದಕ್ಕಿಂತ ದೊಡ್ಡ ದ್ರೋಹ ಆ ಕಸುಬಿನಲ್ಲಿಲ್ಲ. ಇವರು ಮರ್ಯಾದಸ್ಥರು, ನೇರವಾಗಿ ಸಹಮತಕ್ಕೆ ಹೋಗಿ ಪಾಲುದಾರ ರಾಮಸ್ವಾಮಿಯವರಿಗೆ ಕೇಳಿಸಿದ್ದರು.

"ಕೇಳಿ ಕಣ್ಣೀರು ಹಾಕಿಬಿಟ್ಟರು. ಇದು ನಮ್ಮ ಮನೋಹರ್ ಮಾತೇ ಅಂದ್ರು. ಇಬ್ಬರೂ ಸೇರಿ ಕಟ್ಟಿದ ಸಂಸ್ಥೆ ಅದು. ಸೋಮವಾರ ಸಭೆ ಸೇರಿಸಿ ಮನೋಹರ್ ಅವರನ್ನ ಹೊರಗೆ ಹಾಕ್ತಾರಂತೆ. ತಾಯೀ, ಹಿಂದೆ ನನ್ನ ಕಂಪನಿಗೆ ದಾರಿ ತೋರಿಸಿದ್ದೇ ಆ ಮನುಷ್ಯ. ನಾನು ತಂದುಕೊಟ್ಟ ರೆಕಾರ್ಡಿಂದ ಅವರ ಬಾಳು ಮುರಿದುಹೋದ್ರೆ ನನಗೆ ನಿದ್ದೆ ಹತ್ತಲ್ಲ. ಅವರೇ ಮಾಡಿದ್ರೆ ಮಾಡಿದ್ರು ಅಂತ ಹೇಳಿ. ಆದರೆ ಗೊತ್ತಾಗಬೇಕು."

ತನ್ಮಯಿ ಆ ದನಿಯನ್ನು ಮತ್ತೆ ಮತ್ತೆ ಕೇಳಿದಳು. ನನಗೆ ಒಂದೇ ಸಲಕ್ಕೆ ಸಾಕಾಗಿತ್ತು.

ಸಹಮತದ ಗಾಜಿನ ಕಟ್ಟಡದಲ್ಲಿ ನಮ್ಮನ್ನು ಎದುರುಗೊಂಡವನು ರಾಮಸ್ವಾಮಿಯವರ ಮಗ ವಾಗೀಶ. "ಒಲಗೆ ಬನ್ನಿ ಮೇಡಂ. ಅಪ್ಪ ಒಲಗೇ ಇದಾರೆ. ಏನು ಬೇಕಾದ್ರೂ ಕೇಲಿ," ಎಂದ. ಚಿಕ್ಕಂದಿನಿಂದ ಉತ್ತರದ ಕಡೆಯ ಹಾಸ್ಟೆಲುಗಳಲ್ಲಿ ಬೆಳೆದವನಂತೆ. ಅರಮನೆಯ ಕಚೇರಿಯಲ್ಲಿ ಓಲೆ ಬರೆದ ಮನೆತನದ ಕುಡಿಗೆ ಒಂದು 'ಳ' ಹೊರಳದೆ ಹೋಯಿತಲ್ಲ ಎಂದು ನನಗೆ ಕನಿಕರವೇ ಆಯಿತು. ಯಾರೂ ಕೇಳದಿದ್ದರೂ, ಆ ಕರೆ ಬಂದ ದಿನ ತಾನು ಊರಲ್ಲೇ ಇರಲಿಲ್ಲವೆಂದು ಹೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಎಂದುಕೊಂಡೆ.

ರಾಮಸ್ವಾಮಿಯವರು ಮಾತ್ರ ಸೊಗಸಾದ ಮಾತುಗಾರರು. ನೊಂದಿದ್ದರೂ ಸಂಸ್ಥೆಯ ಕತೆ ಶುರುವಾದೊಡನೆ ಮುಖ ಅರಳಿತು. ಕೊಳದಪ್ಪಲೆ ಪಾತ್ರೆಗಳ ರಿಪೇರಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಶುರುವಾದದ್ದು ಸಹಮತ. ಇವರದು ಕಾನೂನಿನ ಜ್ಞಾನ, ಮನೋಹರ್ ಅವರದು ಲೆಕ್ಕಶಾಸ್ತ್ರ ಮತ್ತು ಸೈಕಲ್ಲು. ಸಣ್ಣ ರೇಷ್ಮೆ ಘಟಕ, ಊದುಬತ್ತಿ ಕಾರ್ಖಾನೆಗಳಿಗೆ ಕಂಪನಿ ನೋಂದಣಿ ಮಾಡಿಸಿಕೊಡುತ್ತಿದ್ದರು. ಹುಣಸೂರು ರಸ್ತೆಯುದ್ದಕ್ಕೂ ಕಾರ್ಖಾನೆಗಳು ಎದ್ದಂತೆ ಇವರ ಕೆಲಸವೂ ಎದ್ದಿತು. ಯಾವ ಕಂಪನಿ ಯಾವುದರ ಜೊತೆ ಕೂಡಬೇಕು, ಯಾವುದು ಯಾವುದನ್ನು ಕೊಳ್ಳಬೇಕು ಎಂದು ಹೇಳುವ ಮಟ್ಟಕ್ಕೆ ಬೆಳೆದರು. ಈಗ ಬೆಳ್ಳಿಹಬ್ಬ.

"ಮೊದಲನೇ ಗಿರಾಕಿ ಬಂದಾಗ ನನಗೆ ನಾಲಿಗೆಯೇ ಏಳಲಿಲ್ಲ," ಎಂದರು ರಾಮಸ್ವಾಮಿ. "ಮನೋಹರ್ ಮುಂದೆ ಬಂದು, 'ಅದಿರ್ಲಿ ಬುಡಿ ಸಾಮಿ, ಮೊದ್ಲು ಬುಸಿಬುಸಿ ಕಾಫಿ ಕುಡೀರಿ, ಆಮ್ಯಾಕೆ ಕಂಪ್ನಿ ಮಾತು' ಅಂದ್ರು. ಪ್ರತಿ ವರ್ಷ ವಾರ್ಷಿಕೋತ್ಸವದಲ್ಲಿ ಇದನ್ನ ನಾನೇ ಹೇಳಬೇಕು, ಸಭೆಯೆಲ್ಲ ನಗಬೇಕು. ಅಂಥ ಮನುಷ್ಯ ಹೀಗೆ ಮಾಡಬಹುದಾ ಹೇಳಿ."

"ಕೊಳ್ಳುವವರ ಗುಟ್ಟು ಯಾರ್ಯಾರಿಗೆ ಗೊತ್ತಿತ್ತು ಸರ್?" ಎಂದು ತನ್ಮಯಿ ಕೇಳಿದಳು.

"ನನಗೆ, ಮನೋಹರ್‌ಗೆ, ವಾಗೀಶನಿಗೆ. ಬೇರೆ ಯಾರಿಗೂ ಇಲ್ಲ."

"ಪೊಲೀಸರಿಗೆ ಕೊಟ್ಟಿದ್ದರೆ ಕರೆ ಎಲ್ಲಿಂದ ಬಂತು ಅಂತ ಹುಡುಕುತ್ತಿದ್ದರಲ್ಲ?"

"ಬೇಡಮ್ಮ, ಸಂಸ್ಥೆಯ ಮಾನದ ಪ್ರಶ್ನೆ. ಈ ವರ್ಷ ಇಬ್ಬರೂ ನಿವೃತ್ತರಾಗಬೇಕಿತ್ತು. ಮುಂದಕ್ಕೆ ತಮ್ಮ ಮಗಳು ಸಂಘಮಿತ್ರ ನಡೆಸಲಿ ಅಂತ ಮನೋಹರ್ ಹೇಳ್ತಿದ್ರು. ಹುಡುಗಿ ಚುರುಕು, ಇಲ್ಲ ಅನ್ನಲ್ಲ. ಆದರೆ ಇನ್ನು ಆ ಮಾತೆಲ್ಲಿ ಬಂತು?"

ಕೆಳಗಿಳಿಯುತ್ತ ನಾನು ಹೇಳಿದೆ, "ಇನ್ನೇನು ಬೇಕು? 'ಬುಸಿಬುಸಿ' ಕೇಳಿಸಿತಲ್ಲ? ಮನೋಹರ್ ಮಾತಾಡುವುದೇ ಹಾಗೆ. ಕೇಸು ಮುಗಿಯಿತು."

"ಮನೋಹರ್ ಮಾತಾಡಿದ್ದು ನೀವು ಇನ್ನೂ ಕೇಳಿಲ್ಲ ನಿರಂಜನ್," ಎಂದಳು ಅವಳು. ನನಗೆ ರೇಗಿತು. ಆದರೂ ಮನೋಹರ್ ಅವರ ಊರು ಇಲವಾಲದ ಕಡೆ ಗಾಡಿ ತಿರುಗಿಸಿದೆ.

ಇಲವಾಲದ ಮನೆಯ ಜಗಲಿಯಲ್ಲಿ ಮನೋಹರ್ ಸುಮ್ಮನೆ ಕೂತಿದ್ದರು. ಗೋಡೆಯ ಗೂಡಿನಲ್ಲಿ ಪುಟ್ಟ ಬುದ್ಧನ ಮೂರ್ತಿ. ಮಗಳು ಸಂಘಮಿತ್ರ ಒಳಗೂ ಹೊರಗೂ ಓಡಾಡುತ್ತ ಕುದಿಯುತ್ತಿದ್ದಳು.

"ನಾನಲ್ಲ ಅಂತ ಒಂದು ಮಾತು ಹೇಳಿ ಅಂದ್ರೂ ಹೇಳಲ್ಲ ನೋಡಿ ಅಪ್ಪ," ಎಂದಳು.

"ಬುಡಮ್ಮ. ರಾಮಸ್ವಾಮಿಯವ್ರೇ ನಂದು ಅಂದ್ಮೇಲೆ ನಾನೇನ್ ಹೇಳ್ಲಿ," ಎಂದರು ಮನೋಹರ್. "ಅವರಿಗಿಂತ ನನ್ನ ಬಲ್ಲೋರು ಯಾರಿದಾರೆ? ಅವರೇ ನಂಬ್ಬುಟ್ರಲ್ಲ ಅಂತ ನಂಗೆ ಸಂಕಟ. ಮಿಕ್ಕಿದ್ದೆಲ್ಲ ಹೋದ್ರೆ ಹೋಗ್ಲಿ. ನಿಮ್ಮ ಕಾಫಿ ಆರೋಯ್ತು, ತಡೀರಿ, ಬಿಸಿ ಮಾಡ್ಸಿ ತರ್ತೀನಿ."

ಒಳಗಿಂದ ಅವರ ತಾಯಿ ಪುಟ್ಟಲಿಂಗಮ್ಮ ಕೂಗಿದರು. "ಕಾಫಿ ಅತ್ಲಾಗಿರ್ಲಿ ಬುಡ್ಲಾ. ರೊಟ್ಟಿ ಬಿಸಿ ಇರುವಾಗ್ಲೇ ಬಂದು ತಿನ್ನಿ. ಯೋಚ್ನೆ ಆಮ್ಯಾಕಿರ್ಲಿ."

ತನ್ಮಯಿ ಎದ್ದು ಅಡಿಗೆಮನೆಗೆ ಹೋಗಿ ಅಜ್ಜಿಯ ಪಕ್ಕದಲ್ಲೇ ಕೂತು ಎರಡು ರೊಟ್ಟಿ ತಿಂದಳು. ಬೆಂಕಿ, ಬಿಸಿಲು, ಬಿಸಿನೀರು ಎಂದು ಏನೇನೋ ಹರಟಿದಳು. ಪ್ರಾಮಾಣಿಕನೊಬ್ಬ ಮುರಿದು ಕೂತಿರುವಾಗ ಇವಳಿಗೆ ಹಸಿವೇ ಎಂದು ನನಗೆ ಸಿಟ್ಟು ಬಂತು. ಹಾಗೆಂದುಕೊಂಡಾಗಲೇ ತಿಳಿಯಿತು, ಆ ಮನುಷ್ಯ ಪ್ರಾಮಾಣಿಕನೆಂದು ನಾನಾಗಲೇ ನಂಬಿಬಿಟ್ಟಿದ್ದೆ.

ಸೋಮವಾರ ಸಹಮತದ ಸಭಾಕೋಣೆಯಲ್ಲಿ ರಾಮಸ್ವಾಮಿ, ವಾಗೀಶ, ಮನೋಹರ್, ಸಂಘಮಿತ್ರ ಇದ್ದರು. ಚನ್ನಬಸವಯ್ಯನವರೂ ಬಂದಿದ್ದರು, ಅವರ ಹಟದಿಂದ ನಮಗೂ ಜಾಗ ಸಿಕ್ಕಿತ್ತು. ತನ್ಮಯಿ ಆ ದನಿಯನ್ನು ಎಲ್ಲರಿಗೂ ಕೇಳಿಸಿದಳು. ಮನೋಹರ್ ತಲೆ ತಗ್ಗಿಸಿದರು.

"ಗುಟ್ಟು ಗೊತ್ತಿದ್ದವರು ಮೂವರೇ," ಎಂದಳು ತನ್ಮಯಿ. "ವಾಗೀಶ್ ಅವರನ್ನ ಮೊದಲು ಬಿಟ್ಟುಬಿಡೋಣ. ಈ ದನಿ 'ಏಳ್ಬುಡ್ತೀನಿ' ಅನ್ನುತ್ತೆ, 'ಒಳಗಿನ್ ಮಾತು' ಅನ್ನುತ್ತೆ. ಳಕಾರ ಸ್ಪಷ್ಟವಾಗಿದೆ. ವಾಗೀಶ್ 'ಒಲಗೆ' ಅಂತಾರೆ, 'ಕೇಲಿ' ಅಂತಾರೆ. ಬೇಕು ಅಂದ್ರೂ ಅವರ ನಾಲಿಗೆ ಹೊರಳಲ್ಲ."

ವಾಗೀಶ ನಿಟ್ಟುಸಿರು ಬಿಟ್ಟ.

"ಹಾಗಾದರೆ ಮನೋಹರ್ ಅಂತಾಯ್ತಲ್ಲ," ಎಂದರು ರಾಮಸ್ವಾಮಿ ಮೆಲ್ಲನೆ.

"ಆಗಬೇಕಿತ್ತು. ಮನೋಹರ್ ಅವರ ಮನೆಯಲ್ಲಿ 'ಬಿಡು' ಅನ್ನೋದು 'ಬುಡು' ಆಗುತ್ತೆ, ನಿಜ. ಈ ದನಿಯೂ ಹಾಗೇ ಅನ್ನುತ್ತೆ. ಆದರೆ 'ಬುಸಿಬುಸಿ' ಅಂತಲೂ ಅನ್ನುತ್ತೆ. ನಾನು ಇಲವಾಲದಲ್ಲಿ ಅಜ್ಜಿಯ ಜೊತೆ ಒಲೆಯ ಮುಂದೆ ಕೂತೆ. ರೊಟ್ಟಿ ಬಿಸಿ, ನೀರು ಬಿಸಿ, ಹೊರಗಡೆ ಬಿಸ್ಲು. ಅಜ್ಜಿ ಬಾಯಲ್ಲಿ ಬುಡು ಎಷ್ಟು ಸಲ ಬಂದರೂ ಬುಸಿ ಒಂದು ಸಲವೂ ಬರಲಿಲ್ಲ. ಮನೋಹರ್ ಅವರೂ ಕಾಫಿ ಬಿಸಿ ಮಾಡಿಸ್ತೀನಿ ಅಂದ್ರು. ಆ ಮನೆಯಲ್ಲಿ ಬುಸಿ ಅನ್ನೋ ಮಾತೇ ಇಲ್ಲ. ಬಿ ಬಂದಲ್ಲೆಲ್ಲ ಇವರು ಬು ಅಂತಾರೆ ಅಂತ ಹೊರಗಿನಿಂದ ಕೇಳಿ ಅಂದುಕೊಂಡವರು ಮಾತ್ರ ಹಾಗೆ ಅನ್ನೋಕೆ ಸಾಧ್ಯ."

ಅವಳು ರಾಮಸ್ವಾಮಿಯವರ ಕಡೆ ತಿರುಗಿದಳು.

"ಸರ್, ಬುಸಿಬುಸಿ ಅನ್ನೋದನ್ನ ನಾನು ಈ ರೆಕಾರ್ಡ್ ಬಿಟ್ಟರೆ ಇನ್ನೊಂದೇ ಕಡೆ ಕೇಳಿದ್ದು. ನೀವು ಹೇಳಿದ ಮೊದಲನೇ ಗಿರಾಕಿಯ ಕತೆಯಲ್ಲಿ. ವರ್ಷ ವರ್ಷ ಹೇಳಿ ಹೇಳಿ ಅದೇ ಮನೋಹರ್ ಅವರ ಮಾತು ಅಂತ ನೀವೇ ನಂಬಿಬಿಟ್ಟಿದ್ದೀರಿ. ಚನ್ನಬಸವಯ್ಯನವರು ಮರ್ಯಾದಸ್ಥರು, ನೇರವಾಗಿ ನಿಮ್ಮ ಹತ್ತಿರವೇ ತರುತ್ತಾರೆ ಅಂತಲೂ ನಿಮಗೆ ಗೊತ್ತಿತ್ತು. ಗುಟ್ಟು ಮಾರೋದು ನಿಮಗೆ ಬೇಕಿರಲಿಲ್ಲ. ಮಾರೋಕೆ ಬಂದವರು ಮನೋಹರ್ ಅನ್ನಿಸಬೇಕಿತ್ತು. ಅದಕ್ಕೇ ಪೊಲೀಸರು ಬೇಡ ಅಂದ್ರಿ. ಅಲ್ಲ ಅನ್ನೋದಾದ್ರೆ ಈಗಲೇ ಅವರನ್ನ ಕರೆಸೋಣ, ಕರೆ ಎಲ್ಲಿಂದ ಹೋಯಿತು ಅಂತ ಅವರೇ ಹುಡುಕಲಿ."

ರಾಮಸ್ವಾಮಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎದುರಿಗಿದ್ದ ಯಾರನ್ನೂ ನೋಡಲಿಲ್ಲ.

"ಕರೆಸೋದು ಬೇಡ," ಎಂದರು. "ಸಂಘಮಿತ್ರ ಬಂದರೆ ವಾಗೀಶನಿಗೆ ಏನು ಉಳಿಯುತ್ತೆ ಮನೋಹರ್? ಅವನಿಗೆ ಬೇರೆ ಏನೂ ಬರಲ್ಲ. ಈ ಸಂಸ್ಥೆಯೂ ಇಲ್ಲ ಅಂದ್ರೆ ಅವನ ಗತಿಯೇನು?"

ವಾಗೀಶ ತಂದೆಯನ್ನೇ ನೋಡುತ್ತಿದ್ದ. ತಂದೆ ಕಳ್ಳನೆಂದು ತಿಳಿದದ್ದಕ್ಕಿಂತ ಈ ಮಾತೇ ಅವನನ್ನು ಹೆಚ್ಚು ನೋಯಿಸಿತ್ತು. ಅವನು ಎದ್ದು ಹೊರಗೆ ಹೋದ.

"ನಾನು ಬುಸಿ ಅಂತ ಯಾವತ್ತೂ ಅಂದೋನಲ್ಲ ಕಣ್ರೀ," ಎಂದರು ಮನೋಹರ್. ಅವರ ದನಿ ಏರಲಿಲ್ಲ. "ವೇದಿಕೆ ಮೇಲೆ ನೀವು ಹಂಗಂದಾಗ ಎಲ್ರ ಜೊತೆ ನಾನೂ ನಗ್ತಿದ್ದೆ. ಅಷ್ಟು ಜನರ ಮುಂದೆ ತಿದ್ದಿದ್ರೆ ನಿಮಗೆ ಮುಖಭಂಗ ಆಗುತ್ತೆ ಅಂತ."

"ನಮಗೆ ಆಗ್ತಿದ್ದದ್ದು ಕಾಣ್ಲಿಲ್ವಾ ಅಪ್ಪ?" ಎಂದಳು ಸಂಘಮಿತ್ರ. "ಆ ಸಭೇಲಿ ನಾನೂ ಕೂತಿರ್ತಿದ್ದೆ."

ಮನೋಹರ್ ಮಗಳ ಕಡೆ ತಿರುಗಿ ನೋಡಿದರು.

"ತಪ್ಪಾಯ್ತು ಮನೋಹರ್," ಎಂದರು ರಾಮಸ್ವಾಮಿ. "ಬೇಕಾದ್ರೆ ರಾಜೀನಾಮೆ ಕೊಡ್ತೀನಿ."

ಸಾಧು ಮನುಷ್ಯ ಮನೋಹರ್ ಈಗ ಎದ್ದು ಹೋಗಿ ಹಳೆಯ ಗೆಳೆಯನ ಕೈ ಹಿಡಿದುಕೊಳ್ಳುತ್ತಾರೆ ಎಂದೇ ನಾನು ಅಂದುಕೊಂಡಿದ್ದೆ. ಚನ್ನಬಸವಯ್ಯನವರೂ ಹಾಗೇ ಅಂದುಕೊಂಡಿದ್ದರೇನೋ, ಕುರ್ಚಿಯಿಂದ ಅರ್ಧ ಎದ್ದಿದ್ದರು. ಮನೋಹರ್ ಮೇಜಿನ ಮೇಲಿದ್ದ ಬಿಳಿ ಹಾಳೆಯೊಂದನ್ನು ಎಳೆದು ರಾಮಸ್ವಾಮಿಯವರ ಮುಂದಿಟ್ಟರು.

"ಕೊಡಿ," ಎಂದರು.

ರಾಮಸ್ವಾಮಿಯವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಕಾರಣ ಏನಂತ ಬರೀಲಿ?"

"ಇಷ್ಟು ವರ್ಷ ನನ್ನ ಮಾತನ್ನೂ ನೀವೇ ಆಡಿದ್ರಿ," ಎಂದರು ಮನೋಹರ್. "ಇದನ್ನ ನಿಮ್ಮ ಮಾತಲ್ಲೇ ಬರೀರಿ."

ರಾಮಸ್ವಾಮಿಯವರು ಪೆನ್ನು ತೆಗೆದುಕೊಂಡರು. ಅವರು ಬರೆದು ಮುಗಿಸುವವರೆಗೂ ಮನೋಹರ್ ಪಕ್ಕದಲ್ಲೇ ನಿಂತಿದ್ದರು.