ಅಕ್ಕ ಬಸ್ಸಿಳಿದ ಮೇಲೆ

ಮಂಗಳವಾರ ಬೆಳಿಗ್ಗೆ ಠಾಣೆಗೆ ಓಡಿಬಂದ ಟೈಲರ್‌ನ ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ಅಕ್ಕ ಕಾಣೆಯಾಗಿದ್ದಾಳೆ ಎಂದ. ಇನ್ಸ್‌ಪೆಕ್ಟರ್ ಪೆನ್ನು ತೆಗೆದರು.

“ಕೊನೇ ಸಲ ನೋಡಿದ್ದು ಯಾವಾಗ?”

“ನೋಡೇ ಇಲ್ಲ ಸರ್.”

“ಎಷ್ಟು ದಿನದಿಂದ?”

“ಹುಟ್ಟಿದಾಗಿಂದ.”

ಪಕ್ಕದ ಮೇಜಿನ ಮಹಿಳಾ ಪೇದೆ ಕಿಸಕ್ಕನೆ ನಕ್ಕಳು. ಟೈಲರ್‌ನ ಮುಖ ನೋಡಿ ರಿಜಿಸ್ಟರಿನ ಮೇಲೆ ಬಗ್ಗಿದಳು.

ಅವನ ದೂರು ಇಷ್ಟು. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಳ್ಳುವಾಗ, ಮದುವೆಗೆ ಮುಂಚೆ ಹೆತ್ತ ಹೆಣ್ಣುಮಗುವೊಂದನ್ನು ಬೇರೆಯವರಿಗೆ ಕೊಟ್ಟ ಗುಟ್ಟನ್ನು ಅವನಿಗೆ ಹೇಳಿದ್ದಳು. ಅಂದಿನಿಂದ ಅವನು ಊರೂರು ಅಲೆದ. ಹಳೇ ಸೂಲಗಿತ್ತಿಯನ್ನು, ಮರೆತೇಹೋಗಿದ್ದ ದೊಡ್ಡಮ್ಮ ಚಿಕ್ಕಮ್ಮಂದಿರನ್ನು ಕಾಡಿ ಬೇಡಿ ಕೊನೆಗೂ ಅಕ್ಕನನ್ನು ಪತ್ತೆಹಚ್ಚಿದ. ಮೊಬೈಲಿನಲ್ಲಿ ಫೋಟೋ, ಸಂದೇಶ ಅಷ್ಟೇ. ಮೊದಲ ಮಾತು ಎದುರುಬದುರು ಕೂತೇ ಆಡೋಣ ಎಂದಿದ್ದಳು ಅಕ್ಕ. ಭಾನುವಾರ ಸಂಜೆಯ ಬಸ್ಸಿಗೆ ಅವನು ನಿಲ್ದಾಣದಲ್ಲಿ ಕಾದದ್ದೇ ಬಂತು; ಸೋಮವಾರವಿಡೀ ಅವಳ ಫೋನೂ ಆಫ್.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದ ಹೊತ್ತಿಗೆ ಕಂಡಕ್ಟರ್ ಸಿಕ್ಕ.

“ಆಯಮ್ಮ ಒಂದು ಸ್ಟಾಪ್ ಮುಂಚೆನೇ ಇಳಿದ್ರು ಸರ್. ಮಾಸ್ಕ್ ಹಾಕ್ಕೊಂಡಿದ್ದ ಹೆಂಗಸೊಬ್ರು ಹತ್ತಿ, ‘ನಿಮ್ಮ ತಮ್ಮ ಕಳಿಸಿದ್ದು, ಬನ್ನಿ’ ಅಂತ ಕರ್ಕೊಂಡು ಹೋದ್ರು.”

ಬಸ್ಸಿನ ವಿಷಯ ಗೊತ್ತಿದ್ದದ್ದು ಟೈಲರ್‌ಗೆ, ಅವನ ತಂಗಿಗೆ ಮಾತ್ರ. ತಂಗಿ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರ ವಾರ್ಡನ್. ಇನ್ಸ್‌ಪೆಕ್ಟರ್, ಮಹಿಳಾ ಪೇದೆ ಇಬ್ಬರೂ ಹೋದಾಗ ಅವಳು ಆಫೀಸಿನ ಗೋಡೆಯ ಮೊಳೆಗಳಿಗೆ ಕೋಣೆಗಳ ಬೀಗದಕೈ ನೇತುಹಾಕುತ್ತಿದ್ದಳು.

“ನಿಮ್ಮಕ್ಕ ಬರೋದು ಗೊತ್ತಿತ್ತಾ?”

“ಗೊತ್ತಿಲ್ದೆ! ಅಣ್ಣನ ಬಾಯಲ್ಲಿ ಬೇರೆ ಮಾತೇ ಇಲ್ಲ. ಅಕ್ಕ, ಅಕ್ಕ, ಅಕ್ಕ.”

“ನೋಡಿದೀರಾ?”

“ಫೋಟೋದಲ್ಲಿ. ಮೂಗು ಅಮ್ಮಂದೇ ಅಂತಾನೆ ಅವನು. ಮೂಗಂತೆ ಮೂಗು! ಹೋಲಿಕೆ ಇರೋದು ನಗೂನಲ್ಲಿ. ನಕ್ಕು ಮುಗಿಸುವಾಗ ಉಸಿರು ಒಳಗೆಳ್ಕೊಂಡು ಸಣ್ಣಗೆ ಕೀಕ್ ಅಂತಾಳಲ್ಲ, ಅದು ಅಮ್ಮಂದು. ಅಣ್ಣನಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ?”

“ಫೋಟೋದಲ್ಲಿ ಕೇಳಿಸ್ತಾ?” ಎಂದಳು ಮಹಿಳಾ ಪೇದೆ.

ತಂಗಿ ನಾಲಿಗೆ ಕಚ್ಚಿಕೊಂಡಳು. ಅಣ್ಣನಿಗೆ ತಿಳಿಯದ್ದು ತನಗೆ ತಿಳಿದಿದೆ ಎಂದು ಹೇಳಿಕೊಳ್ಳದೆ ಇರಲು ಅವಳಿಂದ ಆಗಲಿಲ್ಲ. ಹೊಟ್ಟೆಕಿಚ್ಚಿಗೆ ಬಾಯಿ ಮುಚ್ಚಿಕೊಂಡಿರುವ ಅಭ್ಯಾಸವಿಲ್ಲ. ಇನ್ಸ್‌ಪೆಕ್ಟರ್ ಕೈ ಚಾಚಿದರು. ಅವಳು ಸೆರಗಿನ ಗಂಟು ಬಿಚ್ಚಿ ಒಂದು ಬೀಗದಕೈ ಕೊಟ್ಟಳು.

ಅಡುಗೆಯವಳನ್ನೂ ವಾಚ್‌ಮನ್‌ನನ್ನೂ ಪಂಚ ಸಾಕ್ಷಿಗಳನ್ನಾಗಿ ಕರೆದುಕೊಂಡು ಮೇಲಿನ ಮಹಡಿಯ ಕೊನೆಯ ಕೋಣೆ ತೆರೆಸಿದರು. ಹೊಸ ಹೊದಿಕೆ, ಸಿಪ್ಪೆ ಸುಲಿದಿಟ್ಟ ಹಣ್ಣು, ಜೋಡಿಸಿಟ್ಟ ಎರಡು ಮಂಚ. ಅಕ್ಕ ಕಿಟಕಿಯ ಪಕ್ಕ ಕುಳಿತಿದ್ದಳು.

“ಹೊಡೆದ್ರಾ?” ಎಂದರು ಇನ್ಸ್‌ಪೆಕ್ಟರ್.

“ಇಲ್ಲಪ್ಪ. ಫೋನ್ ಕಿತ್ಕೊಂಡ್ಲು. ಊಟ ತರ್ತಾಳೆ, ಏನಾದ್ರೂ ತಮಾಷೆ ಹೇಳಿ ನಗಿಸ್ತಾಳೆ. ನಾನು ನಕ್ಕರೆ ತಾನು ಅಳ್ತಾಳೆ. ಆಮೇಲೆ ಬೀಗ ಹಾಕ್ಕೊಂಡು ಹೋಗ್ತಾಳೆ.”

ಪಂಚನಾಮೆ ಮುಗಿಸಿ, ಅಕ್ರಮ ಬಂಧನದ ಆರೋಪದ ಮೇಲೆ ತಂಗಿಯನ್ನು ದಸ್ತಗಿರಿ ಮಾಡಿದರು. ಠಾಣೆಯಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ.

“ವಾಪಸ್ ಕಳಿಸೋಕೇ ಹೋಗಿದ್ದೆ ಸರ್. ಆಟೋ ಹತ್ತುವಾಗ ಎಡವಿ, ತನ್ನ ಪಾಡಿಗೆ ತಾನೇ ನಕ್ಕಳು. ಥೇಟ್ ಅಮ್ಮನ ನಗು. ಅಮ್ಮ ಸಾಯೋವಾಗ್ಲೂ ಅಣ್ಣನನ್ನೇ ಹತ್ತಿರ ಕರೆದ್ಳು. ನಾನು ಬಾಗಿಲಲ್ಲೇ ನಿಂತಿದ್ದೆ. ಈ ನಗು ಆದ್ರೂ ನಾಲ್ಕು ದಿನ ನಂದೊಬ್ಬಳದೇ ಆಗಿರ್ಲಿ ಅನ್ನಿಸ್ತು.”

ನಿಯಮದಂತೆ ಇನ್ಸ್‌ಪೆಕ್ಟರ್ ಕೇಳಿದರು: “ದಸ್ತಗಿರಿ ವಿಷಯ ನಿಮ್ಮ ಸಂಬಂಧಿಕರೊಬ್ಬರಿಗೆ ತಿಳಿಸಿ ಸಹಿ ತಗೋಬೇಕು. ಯಾರಿಗೆ ತಿಳಿಸ್ಲಿ?”

ಟೈಲರ್ ಮುಂದೆ ಬಂದ.

“ಅವನಿಗೆ ಬೇಡ. ಅಕ್ಕನಿಗೆ ಹೇಳಿ.”

“ಹುಡುಕಿದ್ದು ನಾನು ಕಣೇ! ಅಮ್ಮ ನಿಂಗೇನೇ ಕಡಿಮೆ ಮಾಡಿದ್ಲು?”

“ಜಾಸ್ತಿ ಸಿಕ್ಕೋನಿಗೆ ಅದು ಗೊತ್ತಾಗಲ್ಲ ಬಿಡು!”

ಇಬ್ಬರೂ ಠಾಣೆ ಎಂಬುದನ್ನೂ ಮರೆತು ಅಮ್ಮನ ಸೀರೆ, ಅಮ್ಮನ ಬೈಗುಳ, ಅಮ್ಮನ ಕೊನೆಯ ತುತ್ತಿನ ತನಕ ಹೋದರು. ಬೆಂಚಿನ ಮೇಲೆ ಕುಳಿತಿದ್ದ ಅಕ್ಕ ಅಷ್ಟನ್ನೂ ಕೇಳಿಸಿಕೊಂಡಳು. ಅವಳಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ.

“ಕಿತ್ತಾಡೋಕಾದ್ರೂ ನಿಮಗೊಬ್ಳು ಅಮ್ಮ ಇದ್ಲು,” ಎಂದು ಹೇಳಿ, ಎದ್ದು ಬಂದು ಸಂಬಂಧಿಕರ ಜಾಗದಲ್ಲಿ ಸಹಿ ಹಾಕಿದಳು.